ದೊಡ್ಡಪ್ಪನ ನೀಲಗಿರಿ, ಅಪ್ಪನ ರಾಗಿ

ಓದುಗರ ಪತ್ರ: ‘ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ತಾತನ ನಾಲ್ಕು ಎಕರೆ ಖುಷ್ಕಿ ಜಮೀನು ಭಾಗವಾದಾಗ ಮೇಲಿನ ಎರಡು ಎಕರೆ ದೊಡ್ಡಪ್ಪನಿಗೆ, ಕೆಳಗಿನ ಎರಡು ಅಪ್ಪನಿಗೆ ಬಂತು. ಇಪ್ಪತ್ತು ವರ್ಷದ ಹಿಂದೆ ದೊಡ್ಡಪ್ಪ ನೀಲಗಿರಿ ಹಾಕಿ ಬೆಂಗಳೂರು ಸೇರಿದರು. ಅಪ್ಪ ರಾಗಿ ಬಿಡಲಿಲ್ಲ, ಸಾಲ ಅಪ್ಪನನ್ನು ಬಿಡಲಿಲ್ಲ. ನೀವು ತಿಂಗಳು ತಿಂಗಳೂ ಮಣ್ಣು, ನೀರು ಉಳಿಸಿಕೊಂಡು ಮಾಡುವ ಸುಸ್ಥಿರ ಕೃಷಿ ಅಂತ ಬರೆಯುತ್ತೀರಿ. ಅದರಿಂದ ಬಡತನ ಹೋಗುತ್ತಾ? ಈಗ ಅಪ್ಪ, ಅಮ್ಮನ ಒಡವೆ ಅಡವಿಟ್ಟು ಬೋರ್‌ವೆಲ್ ಕೊರೆಸುತ್ತೇನೆ ಅನ್ನುತ್ತಿದ್ದಾರೆ. ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಮಗಳು ನಾನು. ಏನು ಹೇಳಲಿ?’

ಸಂಪಾದಕರ ಉತ್ತರ:

ಮೊದಲು ಒಡವೆ ವಿಷಯ. ದಯವಿಟ್ಟು ಬೇಡ ಅನ್ನಿ. ನಿಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ಬರೀ ದೂಳು ಬಂದ ಬೋರ್‌ವೆಲ್‌ಗಳು ಎಷ್ಟಿವೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನೀರು ಸಿಕ್ಕಿದರೂ ಆಟ ಮುಗಿಯುವುದಿಲ್ಲ. ಪಕ್ಕದವರು ಇನ್ನೂರು ಅಡಿ ಜಾಸ್ತಿ ಕೊರೆಸುತ್ತಾರೆ, ನಿಮ್ಮದು ಬತ್ತುತ್ತದೆ. ಒಡವೆ ಮಾತ್ರ ವಾಪಸು ಬರುವುದಿಲ್ಲ.

ಇನ್ನು ನೀವು ನಮಗೆ ಹಾಕಿದ ಪ್ರಶ್ನೆ. ಅದರಲ್ಲಿ ಸ್ವಲ್ಪ ಸಿಟ್ಟೂ ಇದೆ, ಇರಲಿ. ನೀವು ಬಿ.ಕಾಂ. ಓದಿದವರು, ಲೆಕ್ಕದಿಂದಲೇ ಶುರು ಮಾಡೋಣ. ಒಳ್ಳೆ ಮಳೆಯಾದ ವರ್ಷ ಎಕರೆಗೆ ಎಂಟು ಕ್ವಿಂಟಲ್ ರಾಗಿ ಅಂತ ಇಟ್ಟುಕೊಳ್ಳಿ. ಎರಡು ಎಕರೆಗೆ ಹದಿನಾರು. ಮನೆಗೆ ಆರು ಉಳಿಸಿ ಹತ್ತು ಮಾರಿದರೆ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಯಂತೆ, 48,860 ರೂಪಾಯಿ. ಉಳುಮೆ, ಗೊಬ್ಬರ, ಕಳೆ, ಒಕ್ಕಣೆ ಖರ್ಚು ಕಳೆಯುವ ಮೊದಲೇ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಅಷ್ಟೆ. ಅಂದರೆ ಎರಡು ಎಕರೆ ರಾಗಿಯೊಂದೇ ಯಾವ ಪದ್ಧತಿಯಲ್ಲಿ ಬೆಳೆದರೂ ಒಂದು ಸಂಸಾರವನ್ನು ಬಡತನದಿಂದ ಎತ್ತುವುದಿಲ್ಲ. ಇದನ್ನು ನಮ್ಮ ಪತ್ರಿಕೆ ಇಷ್ಟು ನೇರವಾಗಿ ಬರೆದಿಲ್ಲ. ಆ ತಪ್ಪು ನಮ್ಮದು.

ಆದರೆ ಅಪ್ಪನ ಸಾಲ ಯಾವ ವರ್ಷ ಹುಟ್ಟಿತು ಅಂತ ಕೇಳಿ ನೋಡಿ. ಒಳ್ಳೆ ವರ್ಷದಲ್ಲಂತೂ ಇರಲಿಕ್ಕಿಲ್ಲ. ಮಳೆ ಕೈಕೊಟ್ಟ ಒಂದೋ ಎರಡೋ ವರ್ಷದಲ್ಲಿ ಹುಟ್ಟಿ, ಬಡ್ಡಿ ತಿಂದು ಬೆಳೆದಿರುತ್ತದೆ. ಮಳೆಯಾಶ್ರಯದ ಊರುಗಳಲ್ಲಿ ಬಡತನ ಬರುವ ದಾರಿಯೇ ಇದು. ಹಾಗಾಗಿ ನಾನು ಮಣ್ಣು, ಬದು, ಮಿಶ್ರ ಬೆಳೆ ಅಂತ ಹೇಳುವುದು ಇಳುವರಿ ಎರಡು ಪಟ್ಟಾಗುತ್ತದೆ ಅಂತ ಅಲ್ಲ. ಕೆಟ್ಟ ವರ್ಷದ ಪೆಟ್ಟು ಅರ್ಧ ಆಗಲಿ ಅಂತ.

ಅಕ್ಕಡಿ ಸಾಲನ್ನೇ ತೆಗೆದುಕೊಳ್ಳಿ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ನಿಮ್ಮ ಅಜ್ಜಿ ಇದನ್ನೆಲ್ಲ ಅಡಿಗೆಮನೆ ಲೆಕ್ಕದಲ್ಲಿ ಹಾಕಿಸುತ್ತಿದ್ದರು. ರಾಗಿಗೆ ಬೇಕಾದ ಹೊತ್ತಿಗೆ ಮಳೆ ತಪ್ಪಿದರೂ ಬೇರು ಆಳಕ್ಕೆ ಇಳಿದ ತೊಗರಿ ಹಿಂಗಾರಿನವರೆಗೂ ನಿಲ್ಲುತ್ತದೆ. ಅವರೆ ಮಣ್ಣಿಗೆ ಸಾರಜನಕ ಕೊಡುತ್ತದೆ. ಬೇಳೆ ಮನೆಯದೇ ಆದರೆ ಸಂತೆಯಲ್ಲಿ ಚೀಲ ಹಗುರ, ಜೇಬು ಭಾರ.

ಗೊಬ್ಬರದಲ್ಲೂ ಹೀಗೇ. ರಾಜ್ಯ ಸರ್ಕಾರ, ಖುಷ್ಕಿ ಬೆಳೆಗಳ ಮೇಲೆ ಸಂಶೋಧನೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಜೊತೆ 2009ರಲ್ಲಿ ಭೂಚೇತನ ಯೋಜನೆ ಶುರು ಮಾಡಿತು. ನಮ್ಮ ಖುಷ್ಕಿ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ಎಷ್ಟಿದೆ ಅಂತ ಆಗ ಮಾಡಿದ ಮಣ್ಣು ಪರೀಕ್ಷೆಗಳು ತೋರಿಸಿದವು. ಯೂರಿಯಾ ಸುರಿದರೆ ಆ ಕೊರತೆ ತುಂಬುವುದಿಲ್ಲ. ಅಪ್ಪ ರಾಗಿಗೆ ಏನು ಹಾಕುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಒಮ್ಮೆ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಕೊಟ್ಟು ನೋಡಿ. ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಸಿಕ್ಕರೆ ಬೇಸಿಗೆಯಲ್ಲೇ ಹೊಡೆಸಿ.

ಈಗ ನೀರು. ನಿಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಎರಡು ಎಕರೆ ಮೇಲೆ ಅದು 56 ಲಕ್ಷ ಲೀಟರ್ ಆಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂಬೈನೂರಕ್ಕೂ ಹೆಚ್ಚು ಲೋಡು! ಬಿಸಿಲಿಗೆ ಆರಿ ಹೋಗುವುದು ಒಂದಷ್ಟು, ಹರಿದು ಹೋಗುವುದು ಒಂದಷ್ಟು. ಹರಿಯುವಾಗ ಸುಮ್ನೆ ಹೋಗುತ್ತದಾ? ಅಪ್ಪ ಹಾಕಿದ ಕೊಟ್ಟಿಗೆ ಗೊಬ್ಬರವನ್ನೂ ಹೊತ್ತುಕೊಂಡು ಹೋಗುತ್ತದೆ.

ಇದನ್ನು ತಡೆಯಲು ನಿಮ್ಮ ಹೊಲದ ಬದು ಒಂದೇ ಸಾಲದು, ಯಾಕೆಂದರೆ ನೀರು ಬರುವುದು ಮೇಲಿನಿಂದ. ಜಲಾನಯನ ಕೆಲಸ, ಅಂದರೆ ಬಿದ್ದ ಮಳೆಯನ್ನು ಅಲ್ಲಲ್ಲೇ ತಡೆದು ಇಂಗಿಸುವುದು, ಯಾವಾಗಲೂ ದಿಣ್ಣೆಯಿಂದ ಶುರುವಾಗಿ ಹಳ್ಳಕ್ಕೆ ಇಳಿಯಬೇಕು. 2001ರ ನಂತರ ವಿಶ್ವಬ್ಯಾಂಕ್ ಸಾಲದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಸುಜಲ ಯೋಜನೆ ನಡೆದದ್ದೂ ಇದೇ ಕ್ರಮದಲ್ಲಿ. ಅದರಲ್ಲಿ ನನಗೆ ಹಿಡಿಸಿದ ವಿಷಯ ಬೇರೆ. ಜಮೀನು ಇಲ್ಲದವರಿಗೂ ಸ್ವಸಹಾಯ ಸಂಘಗಳ ಮೂಲಕ ಏನಾದರೂ ಸಿಗಬೇಕು ಅಂತ ಅಲ್ಲಿ ಯೋಚಿಸಿದ್ದರು. ಇಲ್ಲದಿದ್ದರೆ ನೋಡಿ, ಭೂಮಿ ಸುಧಾರಿಸಿದಷ್ಟೂ ಭೂಮಿ ಇದ್ದವನಿಗೇ ಲಾಭ. ಮೇವಿನ ಗುಡ್ಡಕ್ಕೆ ಬೇಲಿ ಬಿದ್ದರೆ ಎರಡು ಮೇಕೆ ಇಟ್ಟುಕೊಂಡವಳಿಗೆ ಬರೀ ನಷ್ಟ.

ಈ ಗಂಟನ್ನು ಚೆನ್ನಾಗಿ ಬಿಡಿಸಿದ್ದು ಹರಿಯಾಣದ ಸುಖೋಮಾಜ್ರಿ ಅನ್ನುವ ಸಣ್ಣ ಹಳ್ಳಿ. 1970ರ ದಶಕದ ಮಾತು. ಚಂಡೀಗಢದ ಸುಖನಾ ಕೆರೆಗೆ ಹೂಳು ತುಂಬುತ್ತಿತ್ತು. ಹೂಳಿನ ಜಾಡು ಹಿಡಿದು ಹೋದರೆ ಮೇಲಿನ ಬೋಳು ಗುಡ್ಡ, ಅಲ್ಲಿ ಮೇಯುವ ಮೇಕೆಗಳು. ಮೇಯಿಸಬೇಡಿ ಅಂದರೆ ಯಾರು ಕೇಳುತ್ತಾರೆ? ವಿಜ್ಞಾನಿ ಪಿ.ಆರ್. ಮಿಶ್ರಾ ಮತ್ತು ಊರಿನವರು ಸೇರಿ ಮಣ್ಣಿನ ಸಣ್ಣ ಅಣೆ ಕಟ್ಟಿದರು. ಅದರ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು ಅಂತ ಮಾಡಿದರು. ಜಮೀನು ಇಲ್ಲದ ಮನೆಗೂ ಪಾಲು, ಬೇಡದಿದ್ದರೆ ಅವರು ಅದನ್ನು ಮಾರಬಹುದು. ಅಷ್ಟಾದ ಮೇಲೆ ಗುಡ್ಡವನ್ನು ಊರೇ ಕಾಯಿತು. ಹುಲ್ಲು ಬಂತು, ಮೇವಿನ ಜೊತೆ ಹಾಲೂ ಹೆಚ್ಚಿತು.

ಹಾಲು ಅಂದಾಗ ನೆನಪಾಯಿತು. ನಿಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆ ನಡೆಸುತ್ತಿರುವುದು ಡೇರಿಯ ಬಟವಾಡೆ ಅಲ್ವಾ? ಬದುವಿನ ಮೇಲೆ ಹುಲ್ಲು, ಮೇವಿನ ಮರ ಬೆಳೆದರೆ ಹಸುವಿನ ಖರ್ಚು ಇಳಿಯುತ್ತದೆ. ರಾಗಿಯ ಆ ನಾಲ್ಕು ಸಾವಿರದ ಪಕ್ಕದಲ್ಲಿ ಹಾಲಿನ ದುಡ್ಡನ್ನೂ ಬರೆದುಕೊಳ್ಳಿ. ನೀವು ಊರಲ್ಲೋ ಪೇಟೆಯಲ್ಲೋ ಒಂದು ಕೆಲಸ ಹಿಡಿದರೆ ಅದನ್ನೂ ಸೇರಿಸಿ. ಕೃಷಿ ಬಿಟ್ಟು ಬೇರೆ ದುಡಿಯುವುದು ಸೋಲು ಅಂತ ನಾನು ಅಂದುಕೊಂಡಿಲ್ಲ. ದೊಡ್ಡಪ್ಪ ಹೋದದ್ದೂ ಸೋತು ಅಲ್ಲ, ಕೂಲಿ ಸಿಗದ, ಮಳೆ ನಂಬಲಾಗದ ಕಾಲದಲ್ಲಿ ಆರೇಳು ವರ್ಷಕ್ಕೊಮ್ಮೆ ಕಡಿದು ಮಾರುವ ನೀಲಗಿರಿ ಅವರಿಗೆ ಸರಿ ಕಂಡಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಆದರೆ ಹಳೆಯ ಬೊಡ್ಡೆ ಮತ್ತೆ ಮತ್ತೆ ಚಿಗುರುತ್ತಲೇ ಇರುತ್ತದೆ. ಅದರ ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ. ಹುಲ್ಲಿಲ್ಲದ ನೆಲದಲ್ಲಿ ಮಳೆ ನೀರು ನಿಲ್ಲುವುದಿಲ್ಲ, ಕೆಳಗಿನ ನಿಮ್ಮ ಹೊಲಕ್ಕೆ ಹರಿಯುತ್ತದೆ.

ಆದ್ದರಿಂದ ಬೋರ್‌ವೆಲ್ ಏಜೆಂಟರ ಬದಲು ದೊಡ್ಡಪ್ಪನಿಗೆ ಫೋನ್ ಮಾಡಿ. ಮುಂದಿನ ಜೋರು ಮಳೆಗೆ ಊರಿಗೆ ಕರೆಸಿ. ಛತ್ರಿ ಹಿಡಿದು ಮೂವರೂ ಮೇಲಿನ ಹೊಲದಿಂದ ಕೆಳಕ್ಕೆ ನಡೆಯಿರಿ. ನೀರು ಎಲ್ಲಿ ಸೇರುತ್ತದೆ, ಎಲ್ಲಿ ಬದು ಒಡೆಯುತ್ತದೆ, ಎಲ್ಲಿ ಕೆಂಪಗೆ ಹರಿಯುತ್ತದೆ ಅಂತ ಗುರುತು ಹಾಕಿ. ಬೊಡ್ಡೆ ಕೀಳಿಸುವ ಜೆಸಿಬಿ ಖರ್ಚು ಯಾರದು ಅನ್ನುವ ಜಗಳ ಬಂದೇ ಬರುತ್ತದೆ. ಅದನ್ನು ಮಳೆಯಲ್ಲಿ ಆಡಬೇಡಿ, ಮನೆಗೆ ಬಂದು ಮುದ್ದೆ ಉಂಡ ಮೇಲೆ ಆಡಿ. ಲೆಕ್ಕ ನೀವೇ ಬರೆಯಿರಿ.