800 ಮೀಟರ್ ದೂರದ ಬಾವಿಗೆ ತ್ರೀ ಫೇಸ್ ಕರೆಂಟ್
ಅಣ್ಣಾ, ಆಳಂದದ ನಿಮ್ಮ ಹೊಲದಲ್ಲಿ ಮೀಟರಿನಿಂದ ಬಾವಿಗೆ 800 ಮೀಟರ್, 10 ಎಚ್‌ಪಿ ಮೋಟಾರ್, ಎರಡು ತುದಿಗೂ ಟ್ರಾನ್ಸ್‌ಫಾರ್ಮರ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಮೀಟರಿನ ಹತ್ತಿರ 415 ವೋಲ್ಟನ್ನು 1100ಕ್ಕೆ ಏರಿಸಿ, ಬಾವಿಯ ಹತ್ತಿರ ಮತ್ತೆ 415ಕ್ಕೆ ಇಳಿಸಿದರೆ ಕೇಬಲ್‌ನಲ್ಲಿ ಕರೆಂಟ್ ಸುಮಾರು 14 ಆಂಪಿಯರ್‌ನಿಂದ 5ಕ್ಕೆ ಇಳಿಯುತ್ತದೆ. ಕೇಬಲ್ ಬಿಸಿಯಾಗಿ ಪೋಲಾಗುವುದು ಏಳರಲ್ಲಿ ಒಂದು ಪಾಲಿಗೆ ಬರುತ್ತದೆ. ಆದರೆ ಇಷ್ಟು ವೋಲ್ಟ್‌ಗೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಮೋಟಾರ್ ನಿಂತಿದ್ದರೂ ಎರಡೂ ಟ್ರಾನ್ಸ್‌ಫಾರ್ಮರ್ ಸುಮ್ನೆ ಕರೆಂಟ್ ತಿನ್ನುತ್ತವೆ.

ನನ್ನ ಮಾತು ಕೇಳಿದರೆ, ಮೊದಲು ದಪ್ಪ ಕೇಬಲ್ ನೋಡಿ. 16 ಚದರ ಮಿ.ಮೀ. ಅಲ್ಯೂಮಿನಿಯಂ ಆದರೆ ಬಾವಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ 30 ವೋಲ್ಟ್‌ಗೂ ಜಾಸ್ತಿ ಇಳಿಯುತ್ತದೆ. 35 ಆದರೆ 20ರ ಒಳಗೆ. ಜೊತೆಗೆ, ಮೋಟಾರ್ ಶುರುವಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯದಂತೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರಲಿ. ತೊಗರಿ ಸಾಲಿನ ನಡುವೆ ಕೇಬಲ್ ಸುಮ್ನೆ ಎಳೆದು ಬಿಡಬೇಡಿ, ಎತ್ತು, ಮಕ್ಕಳು ಓಡಾಡುವ ಜಾಗ ಅಲ್ವಾ. ನೇಗಿಲು ತಾಗದಷ್ಟು ಆಳಕ್ಕೆ ಹೂಳಿಸಿ.