ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಚಕ್ಕೋತ ತಿನ್ನಬಹುದೇ?

ನಿಮ್ಮ ತಂದೆಯವರು ಅಟೊರ್ವಾಸ್ಟಾಟಿನ್ ಮಾತ್ರೆ ನುಂಗುತ್ತಿದ್ದಾರೆ, ಚಕ್ಕೋತ ಹೃದಯಕ್ಕೆ ಒಳ್ಳೆಯದೆಂದು ಕೇಳಿ ದಿನವೂ ಕೊಡಬೇಕೆಂದಿದ್ದೀರಿ. ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರವಿಟ್ಟರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ವೈದ್ಯರನ್ನು ಕೇಳುವ ತನಕ ದಯವಿಟ್ಟು ಕೊಡಬೇಡಿ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನಾನು ದೇವನಹಳ್ಳಿ ಸೀಮೆಯವನು. ನಮ್ಮ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಜ್ಜಿ ಒಂದೊಂದೇ ತೊಳೆಯ ಪೊರೆ ಸುಲಿದು, ಉಪ್ಪು, ಖಾರದಪುಡಿ ಉದುರಿಸಿ ಕೈಗಿಡುತ್ತಿದ್ದರು. ಸಿಪ್ಪೆಯನ್ನು ದೀಪದ ಬಳಿ ಹಿಂಡಿದರೆ ಚಟಚಟನೆ ಕಿಡಿ ಹಾರುತ್ತಿತ್ತು. ಅದು ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಉರಿಯುವ ಪರಿ.

ಹಣ್ಣಿನಲ್ಲಿ ಸತ್ವವಿರುವುದು ನಿಜ. 100 ಗ್ರಾಂ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವವಿದೆ. ಕೆಂಪು ತಿರುಳಿಗೆ ಬಣ್ಣ ಕೊಡುವುದು ಟೊಮೆಟೊದಲ್ಲಿರುವ ಲೈಕೋಪೀನ್. ಪೊರೆಯ ಕಹಿಗೆ ಮುಖ್ಯ ಕಾರಣ ನರಿಂಜಿನ್.

ತೊಡಕಿರುವುದು ಫ್ಯುರಾನೊಕೌಮರಿನ್ ಎಂಬ ಗುಂಪಿನ ರಾಸಾಯನಿಕಗಳಲ್ಲಿ. ನಾವು ನುಂಗಿದ ಅನೇಕ ಔಷಧಗಳ ಒಂದು ಪಾಲನ್ನು ಸಣ್ಣ ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ರಕ್ತ ಸೇರುವ ಮೊದಲೇ ಒಡೆದುಹಾಕುತ್ತದೆ. ವೈದ್ಯರು ಬರೆಯುವ ಪ್ರಮಾಣದಲ್ಲಿ ಈ ನಷ್ಟದ ಲೆಕ್ಕವೂ ಸೇರಿರುತ್ತದೆ. ಫ್ಯುರಾನೊಕೌಮರಿನ್ ಆ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕರುಳು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಬೆಳಗ್ಗೆ ತಿಂದ ಹಣ್ಣು ರಾತ್ರಿಯ ಮಾತ್ರೆಗೆ ಅಡ್ಡಬರುವುದು ಹೀಗೆ. ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತಕ್ಕೆ ಸೇರುವ ಔಷಧ ಹೆಚ್ಚುತ್ತದೆ; ಅದು ಅತಿಯಾದರೆ ಸ್ನಾಯುಗಳಿಗೆ ಹಾನಿಯಾಗಬಹುದು.

ಇದು ಗೊತ್ತಾದದ್ದೂ ಆಕಸ್ಮಿಕ. ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು ಫೆಲೊಡಿಪಿನ್ ಎಂಬ ರಕ್ತದೊತ್ತಡದ ಔಷಧದ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧದ ಮಟ್ಟ ಏರಿದ್ದು ಆ ರಸದಿಂದ. 1989ರಲ್ಲಿ ಅದನ್ನು ಪ್ರಕಟಿಸಿದರು. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಚಕ್ಕೋತದಲ್ಲಿ ಈ ರಾಸಾಯನಿಕ ತಳಿಯಿಂದ ತಳಿಗೆ ಬದಲಾಗುತ್ತದೆ, ಹಣ್ಣನ್ನು ನೋಡಿ ಅಳೆಯಲಾಗದು.

ಎಲ್ಲ ಮಾತ್ರೆಗಳಿಗೂ ಈ ತೊಂದರೆಯಿಲ್ಲ. ರೋಸುವಾಸ್ಟಾಟಿನ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಈ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ತಂದೆಯವರಿಗೆ ಹಣ್ಣು ತೀರಾ ಇಷ್ಟವಾದರೆ ಮಾತ್ರೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಮೂಸಂಬಿ ಕೊಡಿ.

ಈಗಾಗಲೇ ಚಕ್ಕೋತ ತಿನ್ನುತ್ತಿದ್ದರೆ ಹಣ್ಣನ್ನು ನಿಲ್ಲಿಸಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತೊಡೆ, ಭುಜಗಳಲ್ಲಿ ಕಾರಣವಿಲ್ಲದೆ ನೋವು ಬಂದರೆ, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.