ಬರ್ಲಿನ್‌ಗೆ ಬಂದಿರುವ ತಮ್ಮನಿಗೆ, ಪೋರ್ಟ್‌ಫೋಲಿಯೊ ಬಗ್ಗೆ

ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ನೀನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಡೇಟಾ ಅನಲಿಸ್ಟ್ ಆಗಿದ್ದೆ, ಚಾನ್ಸೆನ್‌ಕಾರ್ಟೆ, ಅಂದರೆ ಇಲ್ಲಿಗೆ ಬಂದು ಕೆಲಸ ಹುಡುಕುವ ಪರವಾನಗಿ, ಸಿಕ್ಕಿ ಬರ್ಲಿನ್‌ಗೆ ಬಂದಿದ್ದೀಯ. ಅರ್ಜಿ ಹಾಕಿದರೆ ಉತ್ತರವೇ ಬರುತ್ತಿಲ್ಲ. ಎಲ್ಲರೂ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸ ತೋರಿಸುವ ಪುಟ, ಮಾಡು ಅನ್ನುತ್ತಾರೆ, ಮಾಡಿದ ಕೆಲಸವೆಲ್ಲ ಕ್ಲೈಂಟ್‌ದು, ಏನು ತೋರಿಸಲಿ ಎಂದು ಕೇಳಿದ್ದೀಯ.

ಇಲ್ಲಿ ಕೆಲಸ ಬಿಡುವವರು ಕಂಪನಿಯಿಂದ ಆರ್ಬೈಟ್ಸ್‌ತ್ಸೋಯ್ಗ್ನಿಸ್ ಎಂಬ ಪತ್ರ ಕೇಳಿ ಪಡೆಯಬಹುದು. ಅದು ಕಾನೂನಿನ ಹಕ್ಕು. ಏನೇನು ಕೆಲಸ ಮಾಡಿದರು, ಹೇಗೆ ಮಾಡಿದರು, ಜೊತೆಯವರೊಂದಿಗೆ ಹೇಗಿದ್ದರು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಹುದ್ದೆ, ಸೇರಿದ ದಿನ, ಬಿಟ್ಟ ದಿನ ಇಷ್ಟೇ ಇರುತ್ತದೆ, ಅಲ್ವಾ? ಅದನ್ನು ಓದಿದ ಮ್ಯಾನೇಜರ್‌ಗೆ ನೀನು ಕೆಲಸ ಹೇಗೆ ಮಾಡುತ್ತೀಯ ಎಂದು ಗೊತ್ತಾಗುವುದಿಲ್ಲ. ನಿನ್ನ ಪೋರ್ಟ್‌ಫೋಲಿಯೊ ಹೇಳಬೇಕಾದದ್ದು ಅದನ್ನೇ.

ಕ್ಲೈಂಟ್‌ನ ಯಾವುದನ್ನೂ ಮುಟ್ಟಬೇಡ. ಹೆಸರು ಅಳಿಸಿದ ಎಕ್ಸೆಲ್ ಕೂಡ ಬೇಡ. ನಾಳೆ ನಮ್ಮ ಡೇಟಾವನ್ನೂ ಹೀಗೇ ಹಾಕುತ್ತಾನೆ ಎಂದು ನೋಡಿದವರಿಗೆ ಅನಿಸುತ್ತದೆ. ಕೋರ್ಸ್‌ಗಳಲ್ಲಿ ಎಲ್ಲರೂ ಮಾಡುವ ಟೈಟಾನಿಕ್ ಪ್ರಯಾಣಿಕರ ಲೆಕ್ಕವೂ ಬೇಡ.

ಈ ಊರಿನದೇ ಒಂದು ಪ್ರಶ್ನೆ ಹಿಡಿದುಕೊ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನ ಬಸ್, ರೈಲುಗಳ ವೇಳಾಪಟ್ಟಿಯನ್ನು ಸಾರಿಗೆ ಒಕ್ಕೂಟ ವಿಬಿಬಿ ಎಲ್ಲರಿಗೂ ತೆರೆದಿಟ್ಟಿದೆ, ಜಿಟಿಎಫ್‌ಎಸ್ ಎಂಬ, ವೇಳಾಪಟ್ಟಿಗೆಂದೇ ಇರುವ ಫೈಲ್ ರೂಪದಲ್ಲಿ. ರಾತ್ರಿ ಪಾಳಿ ಮುಗಿಸಿ ಹೊರಟವರಿಗೆ ಯಾವ ಬಡಾವಣೆಯಲ್ಲಿ ಬಸ್‌ಗಾಗಿ ಜಾಸ್ತಿ ಹೊತ್ತು ಕಾಯಬೇಕು ಎಂದು ನೋಡು. ಆ ಫೈಲ್‌ಗಳಲ್ಲಿ ಮಧ್ಯರಾತ್ರಿ ದಾಟುವ ಟ್ರಿಪ್‌ನ ಸಮಯ 25:10:00 (ಅಂದರೆ ರಾತ್ರಿ 1:10) ಎಂದೆಲ್ಲ ಬರುತ್ತದೆ. ಮಾಮೂಲಿ ಗಡಿಯಾರದ ಸಮಯ ಎಂದುಕೊಂಡು ಓದಿಸಿದರೆ ಆ ಸಾಲುಗಳು ಕೆಡುತ್ತವೆ, ನಿನಗೆ ಬೇಕಾದ ರಾತ್ರಿ ಬಸ್‌ಗಳೇ ಲೆಕ್ಕದಿಂದ ಬಿದ್ದುಹೋಗುತ್ತವೆ. ಇದು ನಿನ್ನ ಕಣ್ಣಿಗೆ ಹೇಗೆ ಬಿತ್ತು, ಹೇಗೆ ಸರಿ ಮಾಡಿದೆ, ರಜಾದಿನದ ಬದಲಾವಣೆಗಳನ್ನು ಏನು ಮಾಡಿದೆ, ಇವನ್ನೆಲ್ಲ ಬರೆ. ಇದು ವೇಳಾಪಟ್ಟಿ ಮಾತ್ರ, ಬಸ್ ನಿಜವಾಗಿ ಎಷ್ಟು ತಡವಾಯಿತು ಎಂದು ಇದರಿಂದ ಗೊತ್ತಾಗುವುದಿಲ್ಲ ಎಂದೂ ಬರೆ. ನಾನು ಕೆಲಸಕ್ಕೆ ಜನರನ್ನು ಆರಿಸುವಾಗ ಚಾರ್ಟ್‌ನ ಬಣ್ಣ ನೋಡುವುದಿಲ್ಲ, ಈ ಸಾಲುಗಳನ್ನೇ ಹುಡುಕುತ್ತೇನೆ.

ಹೀಗೆ ಪೂರ್ತಿ ಮುಗಿಸಿದ್ದು ಒಂದಿದ್ದರೆ ಸಾಕು. ಅರ್ಧಕ್ಕೆ ಬಿಟ್ಟ ಹತ್ತು ಯಾರಿಗೂ ಬೇಕಿಲ್ಲ.

ಕೋಡ್ ಇಡುವ ತಾಣ ಗಿಟ್‌ಹಬ್‌ನ ಪೇಜಸ್ ಸೌಲಭ್ಯದಲ್ಲಿ ಪುಟ ಇಡುವುದಕ್ಕೆ ದುಡ್ಡು ಬೇಕಿಲ್ಲ. ಕೆಲಸವನ್ನು ವಿವರಿಸುವ ರೀಡ್‌ಮಿ ಫೈಲ್‌ನ ಮೊದಲ ಐದು ಸಾಲಿನಲ್ಲೇ ಪ್ರಶ್ನೆ ಮತ್ತು ಉತ್ತರ ಎರಡೂ ಇರಲಿ. ಪಾಸ್‌ವರ್ಡ್, ಎಪಿಐ ಕೀ (ಪ್ರೋಗ್ರಾಮ್‌ಗಳು ಬಳಸುವ ಗುಟ್ಟಿನ ಸಂಕೇತ) ಅಪ್ಪಿತಪ್ಪಿ ಕಮಿಟ್ ಆದರೆ, ಅಂದರೆ ಕೋಡ್‌ನ ದಾಖಲೆಗೆ ಸೇರಿದರೆ, ಅಳಿಸಿದ ಮೇಲೂ ಹಳೆಯ ಕಮಿಟ್‌ಗಳಲ್ಲಿ ಉಳಿದಿರುತ್ತದೆ. ಕೂಡಲೇ ಆ ಕೀಯನ್ನೇ ಬದಲಾಯಿಸಿಬಿಡು.

ಇನ್ನು ಈ ದೇಶದ ಕಾನೂನು. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸುಮ್ನೆ ಚೆನ್ನಾಗಿ ಕಾಣಲಿ ಎಂದು "ಫ್ರೀಲಾನ್ಸ್ ಕೆಲಸಕ್ಕೆ ಸಂಪರ್ಕಿಸಿ" ಎಂದು ಹಾಕಬೇಡ. ಚಾನ್ಸೆನ್‌ಕಾರ್ಟೆಯಲ್ಲಿ ವಾರಕ್ಕೆ 20 ಗಂಟೆಯವರೆಗೆ ನೌಕರಿ ಮಾಡಬಹುದು, ಸ್ವಂತ ವ್ಯವಹಾರಕ್ಕೆ ಅವಕಾಶವಿಲ್ಲ. ಮೇಲಾಗಿ ವ್ಯವಹಾರದ ಸೈಟ್ ಎಂದಾದರೆ ಹೆಸರು, ವಿಳಾಸ (ನಿನಗಾದರೆ ಮನೆಯದೇ), ಇಮೇಲ್ ಇರುವ ಇಂಪ್ರೆಸ್ಸುಮ್, ಅಂದರೆ ಸೈಟ್ ಯಾರದು ಎಂದು ತಿಳಿಸುವ ಭಾಗ, ಕಡ್ಡಾಯ. ಬೇರೆಯವರ ಮನೆಯಲ್ಲಿ ರೂಮ್ ಹಿಡಿದಿರುವ ನಿನಗೆ ಅದು ಯಾಕೆ ಬೇಕು? ಗೂಗಲ್ ಫಾಂಟ್‌ಗಳನ್ನೂ ಗೂಗಲ್ ಸರ್ವರ್‌ನಿಂದ ಎಳೆಯಬೇಡ, ಇಳಿಸಿಕೊಂಡು ನಿನ್ನ ಫೋಲ್ಡರ್‌ನಲ್ಲೇ ಇಟ್ಟುಕೊ. ಹಾಗೆ ಎಳೆದು ಓದುಗನ ಐಪಿ ವಿಳಾಸ ಗೂಗಲ್‌ಗೆ ಹೋಗುವಂತೆ ಮಾಡಿದ ಒಂದು ಸೈಟಿನವರು 100 ಯೂರೊ ಪರಿಹಾರ ಕೊಡಬೇಕೆಂದು ಮ್ಯೂನಿಕ್‌ನ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿತ್ತು.

ಪುಟ ಇಂಗ್ಲಿಷ್‌ನಲ್ಲಿದ್ದರೆ ತೊಂದರೆಯಿಲ್ಲ. ಮೇಲೆ ನಾಲ್ಕು ಸಾಲು ಜರ್ಮನ್‌ನಲ್ಲಿ ಬರೆ, ಆದರೆ ನೀನು ಬಾಯಿಬಿಟ್ಟು ಆಡಬಲ್ಲಷ್ಟೇ ಬರೆ. ಸಂದರ್ಶನದಲ್ಲಿ ಅದೇ ಭಾಷೆಯಲ್ಲಿ ಮಾತು ಶುರು ಮಾಡುತ್ತಾರೆ.

ರೀಡ್‌ಮಿ ಬರೆದಾದ ಮೇಲೆ ಲಿಂಕ್ ಕಳಿಸು. ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.